ಇದು ಯಾವ ಬೇಜಾರು?

ಕಳೆದ ಭಾನುವಾರ ನನ್ನ ತಲೆಗೆ ಟವೆಲ್ಲಿನ ಪೇಟ, ಮುಂದೆ ಹಾವು-ಏಣಿಯ ಬೋರ್ಡು, ಎದುರಿಗೆ ಹಾಡಿ ಕುಣಿಯುವ ಇಬ್ಬರು ಮಕ್ಕಳು. ಅಂಥದ್ದು ನಾನೇನು ಹೇಳಿದ್ದೆ? "ಅಪ್ಪಂಗೆ ಬೇಜಾರಾಗೈತೆ, ಸ್ವಲ್ಪ ಸುಮ್ನಿರಿ" ಅಂದಿದ್ದೆ, ಅಷ್ಟೇ.

ಎರಡನೇ ಕ್ಲಾಸಿನ ಮಗಳು ಸಿರಿ ಅದನ್ನು ಎಲ್‌ಕೆಜಿಯ ತಮ್ಮನಿಗೆ ಅನುವಾದ ಮಾಡಿದಳು. "ಅಪ್ಪಂಗೆ ಬೋರಾಗ್ತೈತಂತೆ ಕಣೋ." ಅವಳ ಸ್ಕೂಲಿನಲ್ಲಿ ಬೇಜಾರು ಎಂದರೆ ಬೋರು. ಬೋರಾದ ಅಪ್ಪನನ್ನು ಹಾಗೇ ಬಿಡಲಾದೀತೇ? ಸೇವೆ ಶುರುವಾಯಿತು.

ಮೂರನೇ ಹಾಡಿಗೆ ನಾನು ಸಿಡುಕಿದೆ. "ಏನ್ ಕಾಟ ನಿಮ್ದು, ಎದ್ದೋಗಿ ಆಚೆ." ತಮ್ಮ ಓಡಿಹೋದ. ಸಿರಿ ಬೋರ್ಡು ಮಡಚಿಕೊಂಡು ಒಳಗೆ ಹೋದವಳು ಊಟಕ್ಕೂ ಬರಲಿಲ್ಲ.

ಕರೆಯಲು ಹೋದ ನನ್ನ ಅವ್ವ ಸುದ್ದಿ ತಂದಳು. "ನಾನಂದ್ರೆ ಅಪ್ಪಂಗೆ ಬೋರು ಅಂತ ಅಳ್ತಾ ಕುಂತವ್ಳೆ. ಮಗೀಗೆ ಏನಂದ್ಯಲಾ?"

ತಟ್ಟೆ ಬಿಟ್ಟು ಒಳಗೆ ಓಡಿದೆ.

"ಅಂಗಲ್ಲ ಕಣಮ್ಮ, ಬೇಜಾರು ಅಂದ್ರೆ ಬೋರಲ್ಲ."

"ಮತ್ತೆ?"

ಮತ್ತೆ ಏನು? ಕೋಪ ಎನ್ನೋಣವೆಂದರೆ ಯಾರ ಮೇಲೂ ಇರಲಿಲ್ಲ. ದುಃಖ ಎನ್ನೋಣವೆಂದರೆ ಬೆಳಿಗ್ಗೆ ನಾಲ್ಕು ಅಕ್ಕಿರೊಟ್ಟಿ ತಿಂದವನು. (ದುಃಖದಲ್ಲಿರುವವರು ಎರಡಕ್ಕೇ ನಿಲ್ಲಿಸುತ್ತಾರೆ.) ಚನ್ನರಾಯಪಟ್ಟಣದ ಮದುವೆಯಿಂದ ಹೊಳೆನರಸೀಪುರಕ್ಕೆ ವಾಪಸ್ ಬಂದಾಗಿನಿಂದ ಮನಸ್ಸು ಸರಿಯಿರಲಿಲ್ಲ. ಅಲ್ಲಿ ಏನಾದರೂ ಆಗಿತ್ತೇ? ಅದೂ ಇಲ್ಲ. ಊಟವೂ ಚೆನ್ನಾಗಿತ್ತು!

ಅವ್ವ ನೆರವಿಗೆ ಬಂದಳು. "ಯಾರಾದ್ರೂ ತೀರೋದ್ರೆ ಆಯ್ತದಲ್ಲವ್ವ, ಅದು."

ಸಿರಿ ಅಳು ನಿಲ್ಲಿಸಿ ಕಣ್ಣರಳಿಸಿದಳು. "ಯಾರು ಸತ್ತೋದ್ರು?"

ಕೆಟ್ಟಿತು ಕೆಲಸ. ಅಷ್ಟರಲ್ಲಿ ಹೊರಗಿನಿಂದ ಪಕ್ಕದ ಮನೆಯವರ ದನಿ. "ಬೇಜಾರ್ ಮಾಡ್ಕಬ್ಯಾಡಿ ಸಾ, ನಿಮ್ ಗೇಟ್ ಮುಂದೆ ಒಸಿ ಬೈಕ್ ನಿಲ್ಸಿವ್ನಿ."

ಬೋರಿಗೂ ಅದೇ ಮಾತು, ಸಾವಿಗೂ ಅದೇ, ಬೈಕಿಗೂ ಅದೇ. ಇಷ್ಟು ದಿನ ಈ ಒಂದೇ ಪದದಲ್ಲಿ ನಾವೆಲ್ಲ ಹೇಗಪ್ಪಾ ಸಂಸಾರ ಮಾಡಿದೆವು? ಸಿರಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಂದು ಯಾವ ಬೇಜಾರು ಅಂತ ನಂಗೇ ಗೊತ್ತಿಲ್ಲ ಕಣಮ್ಮ. ನಿನ್ ಮೇಲಂತೂ ಅಲ್ಲ."

ಅವಳು ಮೂಗು ಒರೆಸಿಕೊಂಡಳು.

"ಯಾವುದು ಅಂತಾನೇ ಗೊತ್ತಿಲ್ಲ ಅಂದ್ಮೇಲೆ, ನನ್ ಮೇಲಲ್ಲ ಅಂತ ಎಂಗೆ ಗೊತ್ತಾಯ್ತು?"