ಆಂಟೆನಾ ತಂತಿಯ ಮೇಲೊಂದು ಕೌದಿ

ಮೈಕಿನ ಗುಂಡಿ ಒತ್ತಿ ಹಿಡಿದು, ಆಂಟೆನಾ ಟ್ಯೂನರನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಮೀಟರಿನ ಮುಳ್ಳನ್ನು ಸರಿಯಾದ ಮಟ್ಟಕ್ಕೆ ಕೆಳಗಿಳಿಸಿದ್ದೆ. ಜೇವರ್ಗಿಯ ಹ್ಯಾಮ್ ರೇಡಿಯೊ ಗೆಳೆಯನನ್ನು ಇನ್ನೇನು ಕರೆಯಬೇಕು, ಮುಳ್ಳು ಸರ್ರನೆ ಮೇಲೇರಿತು. ಆಂಟೆನಾಕ್ಕೆ ಏನೋ ತಗುಲಿರಬೇಕು. ಪ್ರಸಾರದ ಹೊತ್ತಿನಲ್ಲಿ ಮಾಳಿಗೆಯ ಮೇಲಿನ ಆ ತಂತಿ ಮುಟ್ಟಿದರೆ ಕೈ ಸುಡುತ್ತದೆ. ರೇಡಿಯೊ ಆರಿಸಿ ಮೇಲಕ್ಕೋಡಿದೆ. ಪಕ್ಕದ ಮನೆಯ ಶರಣಮ್ಮತ್ತೆ ಆ ತಂತಿಗೆ ಹಸಿ ಕೌದಿ ಹರವುತ್ತಿದ್ದರು.

"ಕೈಗೆ ಏನರೆ ಆತೇನ್ರಿ, ಅತ್ತಿ?"

"ಏನಾಗ್ತದೋ ತಮ್ಮಾ? ಇಷ್ಟುದ್ದ ತಂತಿ ಖಾಲಿ ಬಿಟ್ಟೀಯಲ್ಲ, ಕೌದಿ ಒಣಹಾಕಾಕತ್ತೇನಿ!"

ಅವರ ಅಂಗೈಗಳನ್ನು ತಿರುಗಿಸಿ ನೋಡಿದೆ. ಸಣ್ಣ ಬೊಕ್ಕೆಯೂ ಇರಲಿಲ್ಲ.

ಈಗ ಬಟ್ಟೆ ಒಣಹಾಕಲು ಅವರಿಗೆ ಬೇರೆ ಹಗ್ಗ ಕಟ್ಟಿಕೊಟ್ಟಿದ್ದೇನೆ. ಆದರೂ ಟ್ಯೂನರಿಗೆ ಕೈ ಹಾಕುವ ಮೊದಲು ಕಿಟಕಿಯಿಂದ ಅವರನ್ನು ಕೂಗುತ್ತೇನೆ. "ಅಡಿಗಿಮನ್ಯಾಗ ಅದೀನೋ, ಹಚ್ಚು ನಿನ್ನ ರೇಡಿಯೊ!" ಎಂಬ ದನಿ ಬಂದ ಮೇಲೆಯೇ ಜೇವರ್ಗಿಯನ್ನು ಕರೆಯುವುದು.