ಮೊದಲ ಪೀಸಿನ ಪೂಜೆ

೧೯೮೬ರಲ್ಲಿ, ಏಳನೇ ಕ್ಲಾಸಿನ ನಡುವೆಯೇ ಓದು ಬಿಟ್ಟು, ರಾಜಾಜಿನಗರದ ಒಂದು ಲೇತ್ ಅಂಗಡಿಗೆ ಸೇರಿದೆ. ಮುಂದೆ ಮೂಡಲಪಾಳ್ಯದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದೆ. ಯಾರ ಕೈಕಾಲೂ ಹಿಡಿಯಲಿಲ್ಲ.

ಬಹಳ ವರ್ಷ ಸರ್ಕಾರದ ಉಪಗ್ರಹಗಳಿಗೆ ಬಿಡಿಭಾಗ ಮಾಡಿಕೊಟ್ಟೆ. ಪ್ರತಿ ಆರ್ಡರಿನ ಮೊದಲ ಪೀಸು ಸಿದ್ಧವಾದಾಗ ಅವರ ಇನ್‌ಸ್ಪೆಕ್ಟರೊಬ್ಬರು ಬಸ್ಸು ಹತ್ತಿ ಬರುತ್ತಿದ್ದರು. ಅಳತೆಗೆ ಮೊದಲು ಪೂಜೆ. ಪೀಸನ್ನು ಲೇತಿನ ಮೇಲಿಟ್ಟು ಊದುಬತ್ತಿ ಹಚ್ಚುತ್ತಿದ್ದೆವು; ಕುಂಕುಮ ಮೆಷಿನ್ನಿಗೆ ಮಾತ್ರ. ಆಮೇಲೆ ಕಾಫಿ, ಆಮೇಲೆ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಗೂ ಜಗಳ. ಹೆಂಡತಿ ತೀರಿಕೊಂಡ ಮೇಲೆ ನನ್ನೊಡನೆ ಜಗಳವಾಡಲು ಉಳಿದಿದ್ದವರು ಅವರೊಬ್ಬರೇ. ಹೋದ ವರ್ಷ ರಿಟೈರಾಗಿ ಮಗಳ ಊರಿಗೆ ಹೋದರು.

ಈಗ ಖಾಸಗಿಯವರ ಕೆಲಸ. ನಾಲ್ಕಾರು ದೇಶಗಳ ಸರ್ಕಾರಗಳು ಸೇರಿ ನಡೆಸುವ ಅಂತರಿಕ್ಷ ನಿಲ್ದಾಣಕ್ಕೆ ವಯಸ್ಸಾಯಿತಂತೆ, ಅದನ್ನು ಸಮುದ್ರಕ್ಕೆ ಇಳಿಸಿಬಿಡುತ್ತಾರಂತೆ. ಇನ್ನು ಕಂಪನಿಗಳೇ ನಿಲ್ದಾಣ ಕಟ್ಟಿ ಬಾಡಿಗೆಗೆ ಕೊಡುತ್ತವಂತೆ. ಅಂಥದೊಂದರ ನೀರಿನ ಪೈಪು ಹಿಡಿಯುವ ಕ್ಲ್ಯಾಂಪು ನನ್ನ ಪಾಲಿಗೆ ಬಂತು. ಮನುಷ್ಯರು ವಾಸಮಾಡುವ ಜಾಗಕ್ಕೆ ನಾನು ಮಾಡಿದ ಮೊದಲ ಸಾಮಾನು ಅದು.

ಪೀಸು ರೆಡಿ ಎಂದು ಫೋನು ಮಾಡಿದೆ. ಶುಕ್ರವಾರ ಹನ್ನೊಂದಕ್ಕೆ ಬರುತ್ತಾರೆ ಎಂದಳು ಕಂಪನಿಯ ಹುಡುಗಿ. ಎಷ್ಟು ಜನ ಬರುತ್ತಾರೋ ಎಂದು ಪಕ್ಕದಂಗಡಿಯಿಂದ ಕುರ್ಚಿ ತಂದೆ. ಪುರಿ, ಬಾಳೆಹಣ್ಣು, ಸೇವಂತಿಗೆ ಹಾರ ತಂದಿಟ್ಟು, ಇಸ್ತ್ರಿ ಶರ್ಟು ತೊಟ್ಟು ಬಾಗಿಲಲ್ಲಿ ನಿಂತೆ.

ಬಂದಿದ್ದು ಒಂದು ಡೆಲಿವರಿ ಬೈಕು. ನನ್ನ ವಯಸ್ಸಿನವನೇ, ಉತ್ತರ ಕರ್ನಾಟಕದ ಕಡೆಯವನು. ಹೆಲ್ಮೆಟ್ ತೆಗೆಯದೆ ಓಟಿಪಿ ಕೇಳಿದ. ಕಂಪನಿಯವರೆಲ್ಲಿ ಎಂದು ಹುಡುಗಿಗೆ ಫೋನು ಮಾಡಿದರೆ, ಅಳತೆಯೆಲ್ಲ ಇಲ್ಲಿ ಮೆಷಿನ್ನೇ ನೋಡಿಕೊಳ್ಳುತ್ತೆ, ಯಾರೂ ಬರುವ ಪದ್ಧತಿಯಿಲ್ಲ ಎಂದಳು.

"ಇದು ಆಕಾಶಕ್ಕೆ ಹೋಗೋ ಸಾಮಾನು ಕಣಪ್ಪಾ," ಅಂದೆ ಅವನಿಗೆ.

ಅವನು ಮೊಬೈಲು ನೋಡಿದ. "ಇಲ್ರೀ ಅಣ್ಣಾರ, ಪೀಣ್ಯ ಅಂತ ತೋರಸಾಕತ್ತೈತಿ."

ಪೂಜೆ ಇದೆ, ಸ್ವಲ್ಪ ನಿಲ್ಲು ಎಂದೆ. ತಡವಾದರೆ ರೇಟಿಂಗ್ ಹೋಗುತ್ತದೆ ಎಂದು ಗೊಣಗಿದ. ಆದರೂ ಚಪ್ಪಲಿ ಬಿಟ್ಟು ಕೈಮುಗಿದ. ಊದುಬತ್ತಿ ಹತ್ತುವಷ್ಟರಲ್ಲಿ ಅವನ ಫೋನು ಕೂಗಿತು. ಪೀಸನ್ನೂ ಪುರಿಯ ಪೊಟ್ಟಣವನ್ನೂ ಒಂದೇ ಬ್ಯಾಗಿಗೆ ಹಾಕಿಕೊಂಡು ಹೊರಟುಹೋದ.

ಸಂಜೆ ಮೆಸೇಜು ಬಂತು: ಪಾಸು, ಮುಂದಿನದು ಶುರುಮಾಡಿ. ಒಂದು ತಪ್ಪೂ ಹೇಳಿರಲಿಲ್ಲ.

ಈಗ ನನ್ನದು ಅಂತ ಇರುವುದು ಎರಡು ಲೇತು, ಒಂದು ಮಿಲ್ಲಿಂಗ್ ಮೆಷಿನ್ನು, ಸ್ವಂತ ಶೆಡ್ಡು, ಯುಗಾದಿಯವರೆಗೆ ಸಾಲುವಷ್ಟು ಕೆಲಸ, ಒಂದು ರೇಡಿಯೋ.