ಸೀರಿಯಸ್ ಆಗ್ರಿ, ಸರ್

ಫೋಟೋ ತೆಗೆಸಿಕೊಳ್ಳುವಾಗ ಮನುಷ್ಯನ ಮುಖ ಅವನ ಸ್ವಾಧೀನದಲ್ಲಿರುವುದಿಲ್ಲ ಎಂಬುದು ನನಗೆ ಬಹಳ ಹಿಂದೆಯೇ ಗೊತ್ತಿತ್ತು. ಆದರೆ ಈಚೆಗೆ ನಿವೃತ್ತಿಯ ಕಾಗದಪತ್ರಗಳಿಗೆಂದು ಮಸ್ಕಿಯ ಸ್ಟುಡಿಯೋ ಒಂದರಲ್ಲಿ ನೀಲಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕುಳಿತಾಗ, ಮುಖದ ಜೊತೆಗೆ ಜೀವವೂ ಅರೆಗಳಿಗೆ ಕೈತಪ್ಪಿದಂತಾಯಿತು. ಕಾರಣ ಇಷ್ಟೆ. ಫೋಟೋಗ್ರಾಫರ್ ಮೌನೇಶ, ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿ, ಕ್ಯಾಮೆರಾದ ಹಿಂದಿನಿಂದ ತಲೆ ಹೊರಚಾಚಿ ಅತ್ಯಂತ ವಿನಯದಿಂದ, "ಸರ್, ಒಂದ್ ಸ್ವಲ್ಪ ಸೀರಿಯಸ್ ಆಗ್ರಿ" ಎಂದುಬಿಟ್ಟ.

ಓದುಗ ಮಿತ್ರರೇ, ಈ ಮಾತು ನಿಮಗೆ ನಿರುಪದ್ರವಿಯಾಗಿ ಕಂಡರೆ ನೀವು ನಮ್ಮ ಕಡೆಯವರಲ್ಲ. ಲಿಂಗಸುಗೂರು ತಾಲೂಕಿನ ಗುರುಗುಂಟಾದಲ್ಲಿ ಹುಟ್ಟಿ ಬೆಳೆದ ನನ್ನ ಕಿವಿಗೆ 'ಸೀರಿಯಸ್' ಎಂದರೆ ಮೂಗಿನ ನಳಿಕೆ, ವಾರ್ಡಿನ ಹೊರಗೆ ಚಾಪೆ ಹಾಸಿ ಕುಳಿತ ಬಂಧುಬಳಗ, "ದೊಡ್ಡ ಆಸ್ಪತ್ರಿಗೆ ಒಯ್ರಿ" ಎಂದು ಕೈಚೆಲ್ಲಿದ ಡಾಕ್ಟರು. "ಸೀರಿಯಸ್ ಅದಾರ" ಎಂದು ಫೋನಿನಲ್ಲಿ ಕೇಳಿದವರು ಏನು ಕಾಯಿಲೆ ಎಂದು ವಿಚಾರಿಸುವುದಿಲ್ಲ. ಮುಂದಿನ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಾರೆ. ಅಂಥ ಸ್ಥಿತಿಗೆ 'ಒಂದ್ ಸ್ವಲ್ಪ' ತಲುಪಿರೆಂದು ಕೈಯಾರೆ ಕಲಿಸಿದ ಶಿಷ್ಯನೇ ವಿನಂತಿಸಿದರೆ ಎದೆ ಧಸಕ್ಕೆನ್ನದೆ ಇನ್ನೇನಾದೀತು! ಪಾಪ, ಅವನು ಕೇಳಿದ್ದು ಹಲ್ಲು ಕಾಣಿಸಬೇಡಿ ಎಂದಷ್ಟೆ. ನನ್ನ ಹಲ್ಲುಗಳು ಸೇವಾವಧಿಯುದ್ದಕ್ಕೂ ನನಗಿಂತ ಮುಂದೆಯೇ ಇದ್ದವು.

ಸಾಯುವವರೆಗೂ ಬಿಡದ ಚಟವೊಂದು ನನಗಿದೆ. ಯಾವುದಾದರೂ ಶಬ್ದ ಕಿವಿಗೆ ಬಿದ್ದರೆ ಅದರ ಕುಲಗೋತ್ರ ಜಾಲಾಡದೆ ಊಟ ಸೇರುವುದಿಲ್ಲ. ಮೂವತ್ತು ಚಿಲ್ಲರೆ ವರ್ಷ ಇಂಗ್ಲಿಷ್ ಮಾಸ್ತರಿಕೆ ಮಾಡಿದ್ದರಿಂದ ಈ ಚಟಕ್ಕೆ ಪಾಂಡಿತ್ಯವೆಂಬ ಮರ್ಯಾದೆಯ ಹೆಸರೂ ಸಿಕ್ಕಿತ್ತು. ಈ 'ಸೀರಿಯಸ್' ಲ್ಯಾಟಿನ್ನಿನ ಮನೆಯಿಂದ ಫ್ರಾನ್ಸಿನ ಹಾದಿ ಹಿಡಿದು ಇಂಗ್ಲೆಂಡಿಗೆ ಬಂದದ್ದು. ಹುಟ್ಟಿದ ಮನೆಯಲ್ಲಿ ಅದರ ಅರ್ಥ ತಮಾಷೆಯಲ್ಲದ್ದು, ಆಟಕ್ಕೆ ಹೇಳದ್ದು ಎಂದು. ಇನ್ನೂ ಹಿಂದಕ್ಕೆ ಹೋದರೆ ಅದರ ಬೇರು 'ಭಾರ' ಎಂಬುದಕ್ಕೆ ತಾಗುತ್ತದೆ ಎನ್ನುವ ಪಂಡಿತರೂ ಇದ್ದಾರೆ. ಭಾರವಾದದ್ದನ್ನು ನಮ್ಮ ಸಂಸ್ಕೃತ 'ಗುರು' ಎನ್ನುತ್ತದೆ. ಅಂದರೆ ಊರವರು ನನ್ನನ್ನು 'ಗುರುಗಳೇ' ಎಂದು ಕರೆದಾಗಲೆಲ್ಲ ಒಂದು ಲೆಕ್ಕದಲ್ಲಿ ಸೀರಿಯಸ್ ಎಂದೇ ಕರೆಯುತ್ತಿದ್ದರು. ನಾನೋ, ಹುಟ್ಟಾ ಲಘು.

ಇದೇ ಶಬ್ದ ನಮ್ಮ ಒಂದೇ ರಸ್ತೆಯ ಮೇಲೆ ಮೂರು ವೇಷ ಹಾಕುತ್ತದೆ. ಲಿಂಗಸುಗೂರಿನಲ್ಲಿ ಅದು ಪ್ರಾಣಾಂತಿಕ. ಮಸ್ಕಿಗೆ ಬರುವಷ್ಟರಲ್ಲಿ ಚೇತರಿಸಿಕೊಂಡು ಫೋಟೋಕ್ಕೆ ನಿಲ್ಲುತ್ತದೆ. ಸಿಂಧನೂರು ದಾಟಿ, ಆಂಧ್ರದಿಂದ ಬಂದ ರೈತರು ನೆಲೆಸಿದ ಕಾಲುವೆಯ ನೀರಾವರಿ ಕ್ಯಾಂಪುಗಳನ್ನು ಹೊಕ್ಕಿತೋ, ಅಲ್ಲಿಯ ತೆಲುಗಿನ ಸಹವಾಸದಲ್ಲಿ ಸಿಟ್ಟಾಗಿಬಿಡುತ್ತದೆ. ಅಂಥ ಕ್ಯಾಂಪೊಂದರ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಹೆಡ್ ಮಾಸ್ತರರು ಗದರಿದರೆ ಮಕ್ಕಳು "ಸಾರ್ ಸೀರಿಯಸ್ ಅಯ್ಯಾರು" ಎಂದು ಪಿಸುಗುಡುತ್ತಿದ್ದವು, ಎಂದರೆ ಸರ್ ಸಿಟ್ಟಾದರು ಎಂದು. ಕೇಳಿ ಕೇಳಿ ನನ್ನ ಕಿವಿಯೂ ಆ ಅರ್ಥಕ್ಕೆ ಒಗ್ಗಿಹೋಗಿತ್ತು. ಒಗ್ಗಬಾರದಿತ್ತು.

ಏಳು ವರ್ಷದ ಹಿಂದಿನ ಮಾತು. ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾಗ ಗುರುಗುಂಟಾದಿಂದ ನನ್ನ ಅಕ್ಕ ಹುಲಿಗೆಮ್ಮನ ಫೋನು ಬಂತು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ಗಂಡ, ನಮ್ಮ ಮಾಮಾ, ನಿವೃತ್ತ ಬಸ್ ಕಂಡಕ್ಟರ್. ಅವರು ನಕ್ಕದ್ದನ್ನು ಯಾವ ಪ್ರಯಾಣಿಕನೂ ಕಂಡಿರಲಿಲ್ಲ. ಅವರು ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಹಿಂದಿನ ವಾರ ನಾನು ಹೋಗಿರಲಿಲ್ಲವಾದ್ದರಿಂದ ಮಾಮಾ ಸಿಡಿಮಿಡಿಗೊಂಡಿದ್ದಾರೆಂಬ ಸುದ್ದಿಯೂ ಬಂದಿತ್ತು. ಅಕ್ಕ ಫೋನಿನಲ್ಲಿ, "ತಮ್ಮಾ, ನಿಮ್ಮ ಮಾಮಾ ಭಾಳ ಸೀರಿಯಸ್ ಅದಾರ, ಲಗೂನ ಬಾ" ಎಂದಳು. ನಾನು ಸುತ್ತಲಿನ ಸಹೋದ್ಯೋಗಿಗಳಿಗೂ ಕೇಳುವಂತೆ, "ಯಕ್ಕಾ, ಮಾಮಾ ಯಾವಾಗ ಸೀರಿಯಸ್ ಇದ್ದಿದ್ದಿಲ್ಲ? ನಿಮ್ಮ ಮದುವಿ ಫೋಟೋ ನೋಡು, ಅವತ್ತಿಂದ ಹಂಗ ಅದಾರ!" ಎಂದೆ. ಸ್ಟಾಫ್ ರೂಮು ಗೊಳ್ಳೆಂದಿತು. ಆ ಕಡೆ ಫೋನು ಕಟ್ಟಾಯಿತು. ನಾನು ಒಂಬತ್ತನೆಯ ತರಗತಿಗೆ ಹೋಗಿ ವಿಶೇಷಣಗಳನ್ನು ಕಲಿಸಿದೆ.

ಮಧ್ಯಾಹ್ನ ಪಕ್ಕದ ಮನೆಯವರು ಫೋನು ಮಾಡಿ, ಯಾವ ಭಾಷೆಯಲ್ಲೂ ಎರಡರ್ಥವಿಲ್ಲದ ಮಾತಿನಲ್ಲಿ, ಮಾಮಾ ತೀರಿಹೋದರೆಂದು ಹೇಳಿದರು. ಸಾಯುವ ತನಕ ಅವರು ಬಾಗಿಲ ಕಡೆ ನೋಡುತ್ತ "ಮಾಸ್ತರ ಬಂದ್ನೇನ?" ಎಂದು ಎರಡು ಸಲ ಕೇಳಿದರಂತೆ. ಸಿಟ್ಟಿನ ಮನುಷ್ಯನೆಂದು ನಾನು ತಿಳಿದವರು ಕೇಳಿದ್ದು ನನ್ನನ್ನು.

ಅಕ್ಕ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಮನೆಗೆ ಹೋದರೆ ನೀರು ತಂದಿಟ್ಟು ಒಳಗೆ ಹೋಗುತ್ತಿದ್ದಳು. ಕೊನೆಕೊನೆಗೆ ನಾನೇ ಹೋಗುವುದನ್ನು ಬಿಟ್ಟೆ. ಕ್ಯಾಂಪಿನಿಂದ ಮಸ್ಕಿಗೆ ವರ್ಗವಾಗಿ ಅವಳಿಗೆ ಹತ್ತಿರ ಬಂದ ಮೇಲೂ ದೂರವೇ ಉಳಿದೆ. 'ಸಿಂಧನೂರಿನ ಕಡೆ ಆ ಶಬ್ದಕ್ಕೆ ಸಿಟ್ಟು ಎಂಬ ಅರ್ಥವಿದೆ' ಎಂದು ವಿಧವೆಯಾದ ಅಕ್ಕನ ಮುಂದೆ ನಿಂತು ನಿಘಂಟು ಬಿಚ್ಚಲು ನನ್ನಂಥ ಭಂಡನಿಗೂ ಧೈರ್ಯ ಸಾಲಲಿಲ್ಲ. ಬಹಳ ದಿನಗಳ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಅಕ್ಕ 'ಲಗೂನ ಬಾ' ಎಂದಿದ್ದಳು. ನಮ್ಮ ಕಡೆ ಬೇಗ ಎನ್ನುವುದಕ್ಕೆ ಹೇಳುವ ಆ 'ಲಗೂ' ಸಂಸ್ಕೃತದ ಲಘುವೇ. ಅವಳ ಒಂದು ವಾಕ್ಯದಲ್ಲಿ ಗುರುವೂ ಇತ್ತು, ಲಘುವೂ ಇತ್ತು. ಕನ್ನಡ ಮಾಸ್ತರರು ರಜೆ ಹಾಕಿದಾಗ ಛಂದಸ್ಸಿನ ಪಾಠವನ್ನೂ ಮಾಡುತ್ತಿದ್ದ ನಾನು ಗುರುವನ್ನು ಹಿಡಿದು ಆಟವಾಡುತ್ತ ಲಘುವನ್ನು ಕೇಳಿಸಿಕೊಳ್ಳಲೇ ಇಲ್ಲ. 'ಸೀರಿಯಸ್' ಎಂಬುದಕ್ಕೆ ಎಷ್ಟು ಅರ್ಥಗಳಾದರೂ ಇರಲಿ, 'ಲಗೂನ ಬಾ' ಎಂಬುದಕ್ಕೆ ಸಿಂಧನೂರಿನಲ್ಲೂ ಒಂದೇ ಅರ್ಥ.

ಇಂಥ ಅನುಭವವಾದವನು ತಿದ್ದಿಕೊಂಡಿರುತ್ತಾನೆಂದು ನೀವು ತಿಳಿದಿದ್ದರೆ ಮತ್ತೆ ಸ್ಟುಡಿಯೋಕ್ಕೆ ಬನ್ನಿ. ನಾನು ಗದ್ದ ಎತ್ತಿ, ಭುಜ ಇಳಿಸಿ, ಉಸಿರು ಬಿಗಿಹಿಡಿದು ಕುಳಿತಿದ್ದಾಗ ಗಾಜಿನ ಕೌಂಟರಿನ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು. "ಅಲುಗಾಡಬ್ಯಾಡ್ರಿ ಸರ್!" ಎಂದ ಮೌನೇಶ ತಾನೇ ಎತ್ತಿ ಕಿವಿಗಿಟ್ಟುಕೊಂಡ. "ಹಲೋ... ಸರ್ ಸೀರಿಯಸ್ ಅದಾರ್ರಿ, ಈಗ ಮಾತಾಡಾಕ ಬರಂಗಿಲ್ಲ. ನಾ ಫೋಟೋ ಸ್ಟುಡಿಯೋದಾಂವ್ರಿ. ಫೋಟೋ ರೆಡಿ ಮಾಡಾಕತ್ತೀನಿ" ಎಂದವನೇ, ಇನ್ನೊಮ್ಮೆ ತೊಂದರೆಯಾಗದಿರಲೆಂದು ಫೋನನ್ನು ಆಫ್ ಮಾಡಿಟ್ಟ.

ಆ ವಾಕ್ಯದ ಸೊಗಸು ನನಗೆ ತಕ್ಷಣ ಹೊಳೆಯಿತು. ನಗು ತಡೆಯಲಾಗದೆ ಎರಡು ಫೋಟೋ ಕೆಟ್ಟವು. ಮಾತಾಡಲು ಬಾರದಷ್ಟು ಸೀರಿಯಸ್, ಮೇಲೆ ಹಾರ ಹಾಕುವುದಕ್ಕೆ ಫೋಟೋ ಬೇರೆ ತಯಾರು! ಪ್ರತಿಗಳು ಸಿಗುವ ತನಕ ಬಜಾರದಲ್ಲಿ ಅಡ್ಡಾಡುತ್ತ, ಚಹಾ ಕುಡಿಯುತ್ತ, ಎಲೆ ಅಡಿಕೆ ಹಾಕಿಕೊಳ್ಳುತ್ತ ಆ ವಾಕ್ಯವನ್ನು ಎರಡು ಮೂರು ತಾಸು ಮೆಲುಕು ಹಾಕಿದೆ. ಅದನ್ನು ಆ ಕಡೆಯಲ್ಲಿ ಒಬ್ಬ ಮನುಷ್ಯ ಕೇಳಿಸಿಕೊಂಡಿದ್ದಾನೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಫೋನನ್ನು ಆನ್ ಮಾಡುವುದೂ ನೆನಪಾಗಲಿಲ್ಲ.

ಕೇಳಿಸಿಕೊಂಡವರು ಸಿಂಧನೂರಿನ ಖಾಜಾ ಹುಸೇನ್ ಸಾಹೇಬರು, ಕ್ಯಾಂಪಿನ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದವರು, ಏಳು ವರ್ಷದ ಹಿಂದಿನ ಆ ಜೋಕಿಗೆ ನಕ್ಕವರಲ್ಲಿ ಒಬ್ಬರು. ಆವತ್ತಿನ ನಗು ಅವರ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿತ್ತೇನೋ, ಈ ಸಲ ಅವರು ಒಂದು ನಿಮಿಷವೂ ತಡಮಾಡಿರಲಿಲ್ಲ. ನಾನು ಮನೆಯ ಓಣಿಗೆ ತಿರುಗಿದಾಗ ಕಟ್ಟೆಯ ಮೇಲೆ ನೆರೆಹೊರೆಯವರು ಕೂಡಿದ್ದರು. ಹೆಂಡತಿ ಮುಕ್ಕುಂದದ ತವರಿಗೆ ಹೋಗಿದ್ದರಿಂದ ಬಾಗಿಲಿಗೆ ಬೀಗವಿತ್ತು. ಬೀಗ ಕಂಡವರು ಆಸ್ಪತ್ರೆಗೇ ಒಯ್ದಿರಬೇಕೆಂದು ಖಾತ್ರಿ ಮಾಡಿಕೊಂಡಿದ್ದರು. ಎಲೆ ಅಡಿಕೆಯಿಂದ ಕೆಂಪಾದ ಬಾಯಿಯಲ್ಲಿ ನಾನು ಹತ್ತಿರ ಬಂದದ್ದೇ ಖಾಜಾ ಸಾಹೇಬರು ಎದೆ ಹಿಡಿದುಕೊಂಡು ಕುಸಿದು ಕುಳಿತರು.

"ಯಾ ಅಲ್ಲಾ! ನಡಕೊಂತ ಬರಾಕತ್ತೀರಲ್ರೀ! ಯಾರೋ ನಿಮ್ಮ ಫೋಟೋ ರೆಡಿ ಮಾಡಾಕತ್ತೀನಿ ಅಂದ್ರಲ್ರೀ!"

ಅವರ ಹಿಂದೆ, ಬೀಗ ಹಾಕಿದ ಬಾಗಿಲಿಗೆ ಒರಗಿ ಅಕ್ಕ ನಿಂತಿದ್ದಳು. ಸುದ್ದಿ ಮುಟ್ಟಿಸಿದವರು ಸಾಹೇಬರೇ. ಗುರುಗುಂಟಾದಿಂದ ಲಿಂಗಸುಗೂರಿಗೆ ಒಂದು ಬಸ್ಸು, ಅಲ್ಲಿಂದ ಮಸ್ಕಿಗೆ ಇನ್ನೊಂದು. ಅವಳ ಎರಡೂ ಕೈಗಳಿಗೆ, ಬೆರಳ ಸಂದಿಗೆ, ಮಣಿಕಟ್ಟಿಗೆ ಜೋಳದ ಹಿಟ್ಟು ಒಣಗಿ ಅಂಟಿಕೊಂಡಿತ್ತು. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆಯಲೂ ನಿಂತಿರಲಿಲ್ಲ. ಬದುಕಿದ್ದೇನೆಂಬುದಕ್ಕೆ ನಾನು ಎಂದೂ ಅಷ್ಟು ನಾಚಿರಲಿಲ್ಲ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅವತ್ತ ನಾ ಹೇಳಿದಾಗ ನೀ ನಕ್ಕಿ" ಎಂದಳು. ಏಳು ವರ್ಷದ ಮೇಲೆ ಅವಳು ನನಗೆ ಆಡಿದ ಮೊದಲ ಮಾತು. "ಇವತ್ತ ನಾ ಹಂಚಿನ ಮ್ಯಾಲಿನ ರೊಟ್ಟಿ ಹಂಗ ಬಿಟ್ಟು ಬಂದೀನಿ."

ಸಿಂಧನೂರು, ಕಾಲುವೆ, ತೆಲುಗು, ಲ್ಯಾಟಿನ್ನು ಎಲ್ಲವೂ ನಾಲಿಗೆಯ ತುದಿಗೆ ಬಂದವು. ಚಟವೆಂದರೆ ಅದು. ಎಲ್ಲವನ್ನೂ ನುಂಗಿಕೊಂಡು, "ತಪ್ಪಾತು ಯಕ್ಕಾ. ಮಾಮಾ ನನ್ನ ಕೇಳಿದ್ರಂತ. ನಾ ಬರಲಿಲ್ಲ" ಎಂದೆ.

ಅವಳು ನಂಬದವಳಂತೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು: "ಸೀರಿಯಸ್ಸಾಗಿ ಹೇಳಾಕತ್ತೀಯೇನ?"

ನಾನು ಬೆಚ್ಚಿಬಿದ್ದೆ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟು ನನ್ನನ್ನು ಸಾಕಿದವಳು ಆ ಶಬ್ದವನ್ನು ಹುಟ್ಟಿದ ಮನೆಯ ಅರ್ಥದಲ್ಲೇ ಆಡಿದ್ದಳು, ಆಟಕ್ಕೆ ಹೇಳುತ್ತಿಲ್ಲ ತಾನೆ ಎಂದು. ಇಷ್ಟು ವರ್ಷ ಕಲಿಸಿದ ನನಗೆ ಅದನ್ನು ಈ ಅರ್ಥದಲ್ಲಿ ಯಾರೂ ಕೇಳಿರಲಿಲ್ಲ. ಕೇಳುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ. "ಹೂಂ ಯಕ್ಕಾ" ಎಂದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಬೆನ್ನಿಗೆ ಒಂದು ಗುದ್ದಿ, "ಬಾಗಲಾ ತಗಿ, ಕೈ ತೊಳಿಬೇಕು" ಎಂದಳು. ಖಾಜಾ ಸಾಹೇಬರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಮರುದಿನ ಅಕ್ಕನನ್ನು ಬಸ್ಸಿಗೆ ಬಿಡಲು ಹೊರಟಾಗ ದಾರಿಯಲ್ಲಿ, ಅಷ್ಟರಲ್ಲಿ ಸುದ್ದಿ ತಿಳಿದಿದ್ದ ಮೌನೇಶ ಅಡ್ಡಬಂದು, ಕೈಮುಗಿದು, ಪ್ರಾಯಶ್ಚಿತ್ತಕ್ಕಾದರೂ ನಿಮ್ಮಿಬ್ಬರದೂ ಒಂದು ಫೋಟೋ ತೆಗೆಯುತ್ತೇನೆಂದು ಒಳಗೆ ಕರೆದೊಯ್ದ. ಮತ್ತೆ ಅದೇ ನೀಲಿ ಪರದೆ. ಅಕ್ಕ ಸ್ಟೂಲಿನ ಮೇಲೆ ಕುಳಿತಳು, ನಾನು ಹಿಂದೆ ನಿಂತೆ. ಕ್ಯಾಮೆರಾದ ಹಿಂದಿನಿಂದ ತಲೆ ಹೊರಬಂತು. ಆದರೆ ಆ ಶಬ್ದವನ್ನು ಮತ್ತೆ ಬಾಯಿಗೆ ತರುವ ಧೈರ್ಯ ಅವನಿಗಾಗಲಿಲ್ಲ. "ಅಮ್ಮಾ, ಒಂದ್ ಸ್ವಲ್ಪ ನಗ್ರಿ" ಎಂದ.

"ನಗಾಕ ಇಂವ ಅದಾನಲ್ಲ, ತಗೀಪಾ" ಎಂದಳು ಅಕ್ಕ.

ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲೆ, ಬುದ್ಧನ ಚಿತ್ರದ ಪಕ್ಕದಲ್ಲಿದೆ. ಅದರಲ್ಲಿ ಅಕ್ಕ ನಗುತ್ತಿದ್ದಾಳೆ. ನಾನು ನಗುತ್ತಿಲ್ಲ.